ಗುಂಡಿಗಿಂತ ಮೊದಲು ಪಾಸ್‌ಪೋರ್ಟ್ ಬಂತು: 2008ರಲ್ಲಿ ಜಾರ್ಜಿಯಾದಲ್ಲಿ ಆಗಿದ್ದೇನು?

ಪ್ರಶ್ನೆ: ನನ್ನ ಮಗಳು ಜಾರ್ಜಿಯಾ ದೇಶದ ಟಿಬಿಲಿಸಿಯಲ್ಲಿ ಎಂಬಿಬಿಎಸ್ ಓದುತ್ತಿದ್ದಾಳೆ. ಅವಳು ಬಾಡಿಗೆಗಿರುವ ಮನೆಯ ಯಜಮಾನಿ ಅಬ್ಖಾಜಿಯಾದ ಸುಖುಮಿಯವರಂತೆ. 1993ರಲ್ಲಿ ಊರು ಬಿಟ್ಟವರು ಇವತ್ತಿಗೂ ವಾಪಸ್ ಹೋಗಿಲ್ಲ. ರಷ್ಯಾ ನಮ್ಮ ನೆಲ ಕಿತ್ತುಕೊಂಡಿತು ಅಂತ ಕಣ್ಣೀರು ಹಾಕುತ್ತಾರಂತೆ. ಆದರೆ ನಾನು ಓದಿದ ಕಡೆ 2008ರಲ್ಲಿ ಮೊದಲು ದಾಳಿ ಮಾಡಿದ್ದು ಜಾರ್ಜಿಯಾವೇ, ರಷ್ಯಾ ಅಲ್ಲಿನ ಜನರನ್ನು ಉಳಿಸಲು ಬಂತು ಅಂತ ಇದೆ. ಯಾವುದು ನಿಜ? ಜನರೇ ಬೇರೆ ಆಗ್ತೀವಿ ಅಂದಾಗ ದೊಡ್ಡ ದೇಶ ಸಹಾಯಕ್ಕೆ ಬಂದರೆ ತಪ್ಪೇನು? ಮಗಳು ಅಲ್ಲಿರುವುದಕ್ಕೆ ಭಯಪಡಬೇಕಾ?

— ದಾವಣಗೆರೆಯ ಒಬ್ಬ ತಂದೆ

ಉತ್ತರ: ನೀವು ಓದಿದ್ದೂ ಸುಳ್ಳಲ್ಲ, ಆ ತಾಯಿ ಹೇಳುವುದೂ ಸುಳ್ಳಲ್ಲ. 2008ರ ಆಗಸ್ಟ್ 7ರ ರಾತ್ರಿ, ಬೇರೆಯಾಗಲು ಹೊರಟಿದ್ದ ದಕ್ಷಿಣ ಒಸ್ಸೇಷಿಯಾ ಎಂಬ ಪ್ರದೇಶದ ಮೇಲೆ ದೊಡ್ಡ ಮಟ್ಟದ ದಾಳಿ ಶುರು ಮಾಡಿದ್ದು ಜಾರ್ಜಿಯಾದ ಸೈನ್ಯವೇ. ಆದರೆ ಆ ಒಂದು ರಾತ್ರಿಯನ್ನು ಮಾತ್ರ ನೋಡಿದರೆ ಈ ಯುದ್ಧ ಅರ್ಥ ಆಗುವುದಿಲ್ಲ. ಅದಕ್ಕೂ ಆರು ವರ್ಷ ಮೊದಲಿಂದ ರಷ್ಯಾ ಅಲ್ಲಿನ ಮತ್ತು ಅಬ್ಖಾಜಿಯಾದ ಜನರಿಗೆ ತನ್ನ ಪಾಸ್‌ಪೋರ್ಟ್ ಹಂಚುತ್ತಾ ಬಂದಿತ್ತು. ಪಕ್ಕದ ದೇಶದ ಜನರನ್ನು ಕಾಗದದ ಮೇಲೆ ತನ್ನ ಪ್ರಜೆಗಳನ್ನಾಗಿ ಮಾಡಿಕೊಂಡಿತು. ಆಮೇಲೆ ನನ್ನ ಪ್ರಜೆಗಳನ್ನು ಕಾಪಾಡಬೇಕು ಅಂತ ಸೈನ್ಯ ಕಳಿಸಿತು. ಈ ಕತೆಯನ್ನು ನಾನು ಅಲ್ಲಿಂದಲೇ ಹಿಡಿಯುತ್ತೇನೆ. ಗುಂಡಿಗಿಂತ ಮೊದಲು ಪಾಸ್‌ಪೋರ್ಟ್ ಬಂತು.

ಮೊದಲು ಈ ಜಾಗಗಳು ಎಷ್ಟು ದೊಡ್ಡವು ಅಂತ ಕಣ್ಣಮುಂದೆ ತಂದುಕೊಳ್ಳಿ. ಇಡೀ ಜಾರ್ಜಿಯಾ ನಮ್ಮ ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಜನ ಸುಮಾರು 37 ಲಕ್ಷ. ಅದರ ಎರಡು ಪ್ರದೇಶಗಳು ಟಿಬಿಲಿಸಿ ಸರ್ಕಾರದ ಕೈಯಲ್ಲಿಲ್ಲ. ಒಂದು, ಕಪ್ಪು ಸಮುದ್ರದ ದಡದ ಅಬ್ಖಾಜಿಯಾ. ಹೆಚ್ಚುಕಡಿಮೆ ನಮ್ಮ ಶಿವಮೊಗ್ಗ ಜಿಲ್ಲೆಯಷ್ಟು. ಇನ್ನೊಂದು, ಕಾಕಸಸ್ ಬೆಟ್ಟಗಳ ದಕ್ಷಿಣ ಇಳಿಜಾರಿನಲ್ಲಿರುವ ದಕ್ಷಿಣ ಒಸ್ಸೇಷಿಯಾ. ಅದು ಕೊಡಗಿಗಿಂತ ಚಿಕ್ಕದು, ಜನ ಸುಮಾರು 50 ಸಾವಿರ. ಎರಡೂ ಸೇರಿದರೆ ಜಾರ್ಜಿಯಾದ ಐದನೇ ಒಂದು ಭಾಗ. ಟಿಬಿಲಿಸಿಯ ಗೋಡೆಗಳ ಮೇಲೆ "20 ಪರ್ಸೆಂಟ್" ಅನ್ನುವ ಬರಹವನ್ನು ನಿಮ್ಮ ಮಗಳು ನೋಡಿರಬಹುದು. ಅದರ ಅರ್ಥ ಇದೇ.

ಈ ಎರಡು ಕಡೆಯ ಮೂಲ ಸಮುದಾಯಗಳಾದ ಅಬ್ಖಾಜರೂ ಒಸ್ಸೆಟಿಯನ್ನರೂ ಜಾರ್ಜಿಯನ್ನರಲ್ಲ ಅನ್ನುವುದು ಮುಖ್ಯ. ಅಬ್ಖಾಜ್ ಭಾಷೆಗೂ ಜಾರ್ಜಿಯನ್ ಭಾಷೆಗೂ ಸಂಬಂಧವೇ ಇಲ್ಲ. ಅಬ್ಖಾಜ್‌ನಲ್ಲಿ ಸುಮಾರು 58 ವ್ಯಂಜನಗಳಿವೆ, ಸ್ವರಗಳು ಎರಡೇ ಎರಡು! ಒಸ್ಸೆಟಿಯನ್ನರ ಭಾಷೆ ಇರಾನಿ ಕುಟುಂಬದ್ದು. ಅವರ ಅಣ್ಣತಮ್ಮಂದಿರು ಬೆಟ್ಟದ ಆಚೆ, ರಷ್ಯಾದೊಳಗಿನ ಉತ್ತರ ಒಸ್ಸೇಷಿಯಾದಲ್ಲಿದ್ದಾರೆ. ಸೋವಿಯತ್ ಕಾಲದಲ್ಲಿ ಇಬ್ಬರಿಗೂ ಜಾರ್ಜಿಯಾದೊಳಗೇ ಸ್ವಾಯತ್ತತೆ ಕೊಟ್ಟಿದ್ದರು. ಆಗ ಎಲ್ಲವೂ ಮಾಸ್ಕೋ ಹೇಳಿದಂತೆ ನಡೆಯುತ್ತಿತ್ತು, ಹಾಗಾಗಿ ಒಳಗಿನ ಗಡಿ ಎಲ್ಲಿದ್ದರೇನು ಅಂತ ಜನ ಬದುಕಿದರು. ಸೋವಿಯತ್ ಒಕ್ಕೂಟ ಒಡೆಯುವ ಹೊತ್ತಿಗೆ ಅದೇ ಗೆರೆ ಪ್ರಾಣದ ಪ್ರಶ್ನೆಯಾಯಿತು.

ಅಬ್ಖಾಜರ ಭಯದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಜಾರ್ಜಿಯಾದ ಪರ ಮಾತಾಡುವವರು ಇದನ್ನು ದಾಟಿ ಮುಂದೆ ಹೋಗಿಬಿಡುತ್ತಾರೆ. ಸ್ಟಾಲಿನ್ ಕಾಲದಲ್ಲಿ, 1938ರಲ್ಲಿ, ಅಬ್ಖಾಜ್ ಭಾಷೆಯನ್ನು ಜಾರ್ಜಿಯನ್ ಲಿಪಿಯಲ್ಲೇ ಬರೆಯಬೇಕು ಅಂತ ಮಾಡಿದರು. 1940ರ ದಶಕದಲ್ಲಿ ಅವರ ಶಾಲೆಗಳನ್ನು ಮುಚ್ಚಿಸಿದರು. ಹೊರಗಿಂದ ಜಾರ್ಜಿಯನ್ನರನ್ನು ಕರೆತಂದು ನೆಲೆಗೊಳಿಸಿದರು. 1989ರ ಜನಗಣತಿ ಹೊತ್ತಿಗೆ ಅಬ್ಖಾಜಿಯಾದಲ್ಲೇ ಅಬ್ಖಾಜರು ಶೇ 17.8. ಜಾರ್ಜಿಯನ್ನರು ಶೇ 45.7. ತನ್ನ ಊರಲ್ಲೇ ತನ್ನ ಭಾಷೆ ಮುಳುಗುತ್ತಿದೆ ಅನ್ನುವ ಆತಂಕ ಹೇಗಿರುತ್ತದೆ ಅಂತ ಕನ್ನಡದವರಿಗೆ ಬಿಡಿಸಿ ಹೇಳಬೇಕಿಲ್ಲ ಅಲ್ವಾ.

ಅದೇ ಹೊತ್ತಿಗೆ ಟಿಬಿಲಿಸಿಯಲ್ಲಿ ರಾಷ್ಟ್ರೀಯತೆಯ ಅಲೆ ಎದ್ದಿತ್ತು. ಅದಕ್ಕೂ ಕಾರಣ ಇತ್ತು. 1989ರ ಏಪ್ರಿಲ್ 9ರಂದು ಸೋವಿಯತ್ ಸೈನಿಕರು ಟಿಬಿಲಿಸಿಯ ಬೀದಿಯಲ್ಲಿ ಪ್ರತಿಭಟನೆಗೆ ಕೂತಿದ್ದವರ ಮೇಲೆ ಬಿದ್ದಿದ್ದರು. ಸತ್ತವರಲ್ಲಿ ಹೆಂಗಸರೇ ಹೆಚ್ಚು. ಆ ಸಿಟ್ಟು ಮಾಸ್ಕೋ ಮೇಲೆ ಇದ್ದದ್ದು ಸರಿ. ಆದರೆ ಜಾರ್ಜಿಯಾದ ಮೊದಲ ಅಧ್ಯಕ್ಷ ಜ್ವಿಯಾದ್ ಗಮ್ಸಾಖುರ್ದಿಯಾ ಮತ್ತು ಅವರ ಜೊತೆಗಾರರು ಆ ಸಿಟ್ಟನ್ನು ಒಳಗಿನ ಚಿಕ್ಕ ಸಮುದಾಯಗಳ ಮೇಲೂ ತಿರುಗಿಸಿದರು. 1990ರ ಡಿಸೆಂಬರ್‌ನಲ್ಲಿ ದಕ್ಷಿಣ ಒಸ್ಸೇಷಿಯಾದ ಸ್ವಾಯತ್ತತೆಯನ್ನೇ ರದ್ದು ಮಾಡಿದರು. ಮುಂದಿನ ತಿಂಗಳೇ ಗುಂಡಿನ ಸದ್ದು. ಆಗ ದಕ್ಷಿಣ ಒಸ್ಸೇಷಿಯಾದಲ್ಲಿ ಇದ್ದದ್ದಕ್ಕಿಂತ ಜಾಸ್ತಿ ಒಸ್ಸೆಟಿಯನ್ನರು ಜಾರ್ಜಿಯಾದ ಉಳಿದ ಊರುಗಳಲ್ಲಿ ಬದುಕಿದ್ದರು. ಎರಡೂ ಕಡೆಯವರು ಮದುವೆಯಾದ ಮನೆಗಳು ಬೇಕಾದಷ್ಟಿದ್ದವು. ಅವರಲ್ಲಿ ಸಾವಿರಾರು ಜನ ಬೆಟ್ಟ ದಾಟಿ ಉತ್ತರಕ್ಕೆ ಓಡಿದರು.

ಅಬ್ಖಾಜಿಯಾದಲ್ಲಿ ಯುದ್ಧ ಶುರುವಾಗಿದ್ದು 1992ರ ಆಗಸ್ಟ್ 14ರಂದು, ಜಾರ್ಜಿಯಾದ ನ್ಯಾಷನಲ್ ಗಾರ್ಡ್ ಅಲ್ಲಿನ ರಾಜಧಾನಿ ಸುಖುಮಿಗೆ ನುಗ್ಗಿದಾಗ. ಆ ಅಕ್ಟೋಬರ್‌ನಲ್ಲಿ ಸುಖುಮಿಯ ದಾಖಲೆಗಳ ಭಂಡಾರಕ್ಕೂ ಅಬ್ಖಾಜ್ ಭಾಷೆ-ಸಾಹಿತ್ಯದ ಸಂಸ್ಥೆಗೂ ಜಾರ್ಜಿಯನ್ ಸೈನಿಕರು ಬೆಂಕಿ ಇಟ್ಟರು. ಒಂದು ಲಕ್ಷದಷ್ಟು ಜನ ಮಾತ್ರ ಆಡುವ ಭಾಷೆ. ಅದರ ಬರಹ, ಚರಿತ್ರೆ, ಹಳೇ ಕಾಗದಗಳು ಒಂದೇ ದಿನ ಬೂದಿ. ಅಬ್ಖಾಜರು ಇದನ್ನು ಇವತ್ತಿಗೂ ಮರೆತಿಲ್ಲ, ಮರೆಯಿರಿ ಅಂತ ಅವರಿಗೆ ಹೇಳುವ ಹಕ್ಕು ನಮಗಿಲ್ಲ.

ಇನ್ನು ನಿಮ್ಮ ಮಗಳ ಮನೆ ಯಜಮಾನಿಯ ಕತೆ. ಅಬ್ಖಾಜರ ಕಡೆ ಉತ್ತರ ಕಾಕಸಸ್‌ನ ಸ್ವಯಂಸೇವಕರು ಬಂದು ಸೇರಿದರು. ರಷ್ಯಾದ ಆಯುಧಗಳೂ ಸಿಕ್ಕವು. ಆಮೇಲೆ ಚೆಚೆನ್ಯಾದಲ್ಲಿ ರಷ್ಯಾದ ವಿರುದ್ಧವೇ ಯುದ್ಧ ಮಾಡಿದ ಶಮಿಲ್ ಬಸಾಯೆವ್ ಆಗ ಅಲ್ಲಿ ಅಬ್ಖಾಜರ ಪರ ಹೋರಾಡುತ್ತಿದ್ದ. 1993ರ ಜುಲೈನಲ್ಲಿ ಕದನ ವಿರಾಮ ಆಯಿತು. ಅದನ್ನು ನಂಬಿ ಜಾರ್ಜಿಯಾ ತನ್ನ ದೊಡ್ಡ ಆಯುಧಗಳನ್ನು ಸಾಗಿಸತೊಡಗಿತ್ತು. ಸೆಪ್ಟೆಂಬರ್‌ನಲ್ಲಿ ಅಬ್ಖಾಜರು ವಿರಾಮ ಮುರಿದು ನುಗ್ಗಿದರು. ಸೆಪ್ಟೆಂಬರ್ 27ರಂದು ಸುಖುಮಿ ಬಿತ್ತು. ಎರಡು ಲಕ್ಷಕ್ಕೂ ಮೀರಿ ಜಾರ್ಜಿಯನ್ನರು ಮನೆ ಬಿಟ್ಟರು. ಎಷ್ಟೋ ಜನ ಕೊಡೋರಿ ಕಣಿವೆಯ ಮೂಲಕ, ಹಿಮ ಬಿದ್ದ ಬೆಟ್ಟದ ದಾರಿಯಲ್ಲಿ ನಡೆದೇ ಹೊರಟರು, ದಾರಿಯಲ್ಲೇ ಸತ್ತವರೂ ಇದ್ದಾರೆ. ಆ ತಾಯಿ ಹೇಗೆ ಬಂದರು ಅಂತ ಮಗಳು ಕೇಳಿರಬಹುದು, ಕೇಳದೆಯೂ ಇರಬಹುದು. ಅವರಾಗಿ ಹೇಳಿದರೆ ಕೂತು ಕೇಳಿಸಿಕೊಳ್ಳಲಿ.

ಹೀಗೆ ಎರಡೂ ಪ್ರದೇಶಗಳು ಟಿಬಿಲಿಸಿಯ ಕೈತಪ್ಪಿದವು, ಆದರೆ ಅವನ್ನು ದೇಶ ಅಂತ ಯಾರೂ ಒಪ್ಪಲಿಲ್ಲ. ರಷ್ಯಾ ಸಹ ಒಪ್ಪಲಿಲ್ಲ. ಬದಲಿಗೆ ರಷ್ಯಾ ಶಾಂತಿ ಕಾಯುವ ಕೆಲಸ ವಹಿಸಿಕೊಂಡಿತು. ದಕ್ಷಿಣ ಒಸ್ಸೇಷಿಯಾದಲ್ಲಿ 1992ರ ಜೂನ್ ಒಪ್ಪಂದದಂತೆ ರಷ್ಯನ್, ಜಾರ್ಜಿಯನ್, ಉತ್ತರ ಒಸ್ಸೆಟಿಯನ್ ಸೈನಿಕರು ಸೇರಿದ ಜಂಟಿ ಶಾಂತಿಪಾಲನಾ ಪಡೆ ಬಂತು. ಅಬ್ಖಾಜಿಯಾದಲ್ಲಿ 1994ರ ಒಪ್ಪಂದದ ನಂತರ ನಿಂತ ಶಾಂತಿಪಾಲಕರು ಹೆಸರಿಗೆ ಹಲವು ದೇಶಗಳವರು, ನಿಜದಲ್ಲಿ ರಷ್ಯನ್ನರು. ಜಗಳದಲ್ಲಿ ಸ್ವಂತ ಲಾಭ ಇರುವವನೇ ಪಂಚಾಯ್ತಿಗೆ ಕೂತರೆ ಆ ಜಗಳ ತೀರುವುದು ಕಷ್ಟ. ಇಲ್ಲೂ ತೀರಲಿಲ್ಲ, ಹದಿನೈದು ವರ್ಷ ಹಾಗೇ ಉಳಿಯಿತು.

ಆ ಹದಿನೈದು ವರ್ಷಗಳಲ್ಲಿ ಆದ ದೊಡ್ಡ ಬದಲಾವಣೆಯೇ ಪಾಸ್‌ಪೋರ್ಟ್. ಈ ಜನರ ಹತ್ತಿರ ಇದ್ದದ್ದು ಹಳೇ ಸೋವಿಯತ್ ಪಾಸ್‌ಪೋರ್ಟ್. ಆ ದೇಶವೇ ಇಲ್ಲವಾಗಿತ್ತು. ಜಾರ್ಜಿಯಾದ ಪಾಸ್‌ಪೋರ್ಟ್ ತೆಗೆದುಕೊಳ್ಳಲು ಅವರಿಗೆ ಮನಸ್ಸಿಲ್ಲ. ಹಾಗಾಗಿ ಎಲ್ಲೂ ಹೋಗುವಂತಿಲ್ಲ, ಪಿಂಚಣಿ ಇಲ್ಲ, ಹೊರಗೆ ಹೋಗಿ ಚಿಕಿತ್ಸೆ ಪಡೆಯುವಂತಿಲ್ಲ. 2002ರಿಂದ ರಷ್ಯಾ ತನ್ನ ಪೌರತ್ವವನ್ನು ಸಾಮೂಹಿಕವಾಗಿ ಕೊಡತೊಡಗಿತು. ಜನ ತೆಗೆದುಕೊಂಡರು. ಅವರ ಜಾಗದಲ್ಲಿ ನಾವಿದ್ದರೂ ತೆಗೆದುಕೊಳ್ಳುತ್ತಿದ್ದೆವು. ತಪ್ಪು ಆ ಅಜ್ಜ ಅಜ್ಜಿಯರದ್ದಲ್ಲ, ಕೊಟ್ಟವರ ಲೆಕ್ಕಾಚಾರದ್ದು. 2008ರ ಹೊತ್ತಿಗೆ ಎರಡೂ ಕಡೆಯ ಬಹುಪಾಲು ಜನ ಕಾಗದದ ಮೇಲೆ ರಷ್ಯಾದ ಪ್ರಜೆಗಳಾಗಿದ್ದರು.

ಜಾರ್ಜಿಯಾದ ಕಡೆ, ಜನ ಬೀದಿಗಿಳಿದು ಹಳೇ ಸರ್ಕಾರ ಬೀಳಿಸಿದ 2003ರ ಗುಲಾಬಿ ಕ್ರಾಂತಿಯ ನಂತರ ಮಿಖೈಲ್ ಸಾಕಾಶ್ವಿಲಿ ಅಧ್ಯಕ್ಷರಾದರು. ಆಗ ಅವರಿಗೆ 36 ವರ್ಷ. ಲಂಚ ಕಡಿಮೆ ಮಾಡಿದರು, ಪೊಲೀಸ್ ವ್ಯವಸ್ಥೆ ಸರಿಪಡಿಸಿದರು. ಜೊತೆಗೆ ದೇಶವನ್ನು ಮತ್ತೆ ಒಂದು ಮಾಡ್ತೀನಿ ಅಂತ ಮಾತು ಕೊಟ್ಟರು. 2004ರ ಬೇಸಿಗೆಯಲ್ಲಿ ದಕ್ಷಿಣ ಒಸ್ಸೇಷಿಯಾದ ರಾಜಧಾನಿ ತ್ಸ್ಖಿನ್ವಾಲಿ ಪಕ್ಕದ ಎರ್ಗ್ನೆತಿ ಸಂತೆಯನ್ನು ಮುಚ್ಚಿಸಿದರು. ಕಳ್ಳಸಾಗಣೆಯ ಸಂತೆ ಅನ್ನುವುದು ಸರ್ಕಾರದ ಕಾರಣ, ಅದು ನಿಜವೂ ಹೌದು. ಆದರೆ ಒಸ್ಸೆಟಿಯನ್ನರೂ ಜಾರ್ಜಿಯನ್ನರೂ ದಿನಾ ಮುಖ ನೋಡಿಕೊಂಡು ವ್ಯಾಪಾರ ಮಾಡುತ್ತಿದ್ದ ಜಾಗ ಅದು. ಅಲ್ಲಿ ಹಿಟ್ಟು, ಪೆಟ್ರೋಲ್, ಸಿಗರೇಟು ಕೈಬದಲಾಗುತ್ತಿದ್ದವು, ಮಾತೂ ನಡೆಯುತ್ತಿತ್ತು. ಸಂತೆ ಹೋದ ಮೇಲೆ ಎದುರುಬದುರಾಗಿ ಉಳಿದದ್ದು ಬಂದೂಕು ಹಿಡಿದವರು. ಸಾಕಾಶ್ವಿಲಿಯ ಮೊದಲ ದೊಡ್ಡ ತಪ್ಪು ಇದೇ ಅಂತ ನಾನು ನಂಬುತ್ತೇನೆ.

2008ರ ವಸಂತದಲ್ಲಿ ಮೇಲಿಂದ ಮೇಲೆ ಮೂರು ಸಂಗತಿಗಳಾದವು. ಫೆಬ್ರುವರಿಯಲ್ಲಿ ಕೊಸೊವೊ ಸರ್ಬಿಯಾದಿಂದ ಬೇರೆಯಾಗಿ ಸ್ವಾತಂತ್ರ್ಯ ಘೋಷಿಸಿತು, ಅಮೆರಿಕ ಮತ್ತು ಯುರೋಪಿನ ಹೆಚ್ಚಿನ ದೇಶಗಳು ಅದನ್ನು ಒಪ್ಪಿದವು. ಹಾಗಾದರೆ ನಾನೂ ಹಾಗೇ ಮಾಡಬಹುದು ಅನ್ನುವ ದಾರಿ ರಷ್ಯಾಕ್ಕೆ ಸಿಕ್ಕಿತು. ಏಪ್ರಿಲ್‌ನಲ್ಲಿ ಬುಕಾರೆಸ್ಟ್‌ನಲ್ಲಿ ನೇಟೊ ಸಭೆ ಸೇರಿ, ಜಾರ್ಜಿಯಾ ಮತ್ತು ಉಕ್ರೇನ್ ಮುಂದೊಂದು ದಿನ ಸದಸ್ಯರಾಗುತ್ತವೆ ಅಂತ ಹೇಳಿತು. ಯಾವತ್ತು, ಹೇಗೆ ಅಂತ ಹೇಳಲಿಲ್ಲ. ಜರ್ಮನಿ, ಫ್ರಾನ್ಸ್ ಅಡ್ಡ ಹಾಕಿದ್ದರಿಂದ ಆಗಿದ್ದು ಇದು. ರಷ್ಯಾಕ್ಕೆ ಸಿಟ್ಟು ತರಿಸುವಷ್ಟು ಹೇಳಿದರು, ಜಾರ್ಜಿಯಾವನ್ನು ಕಾಪಾಡುವಷ್ಟು ಹೇಳಲಿಲ್ಲ. ಅದೇ ತಿಂಗಳು ಪುಟಿನ್ ಎರಡೂ ಪ್ರದೇಶಗಳ ಆಡಳಿತದ ಜೊತೆ ನೇರ ಸಂಬಂಧ ಇಟ್ಟುಕೊಳ್ಳಲು ಆದೇಶಿಸಿದರು. ಮೇ ಕೊನೆಗೆ ಸುಮಾರು 400 ರೈಲ್ವೆ ಸೈನಿಕರು ಅಬ್ಖಾಜಿಯಾಕ್ಕೆ ಬಂದು ಹಳಿ ರಿಪೇರಿ ಮಾಡಿದರು. ಜುಲೈನಲ್ಲಿ ಉತ್ತರ ಕಾಕಸಸ್‌ನಲ್ಲಿ ರಷ್ಯಾದ ದೊಡ್ಡ ಸೈನಿಕ ಕವಾಯತು ನಡೆಯಿತು. ಅದೇ ಹೊತ್ತಿಗೆ ಜಾರ್ಜಿಯಾದಲ್ಲಿ ಅಮೆರಿಕದ ಜೊತೆಗಿನ ಕವಾಯತು. ಎರಡೂ ಕಡೆ ಸೈನ್ಯ ಸಿದ್ಧವಿತ್ತು.

ಆಗಸ್ಟ್ ಮೊದಲ ವಾರ ದಕ್ಷಿಣ ಒಸ್ಸೇಷಿಯಾದಲ್ಲಿ ದಿನಾ ಗುಂಡಿನ ಚಕಮಕಿ. ಇಲ್ಲಿನ ನೆಲದ ರೂಪ ಗೊತ್ತಾದರೆ ಮುಂದಿನದು ಬೇಗ ಅರ್ಥವಾಗುತ್ತದೆ. ರಷ್ಯಾದಿಂದ ದಕ್ಷಿಣ ಒಸ್ಸೇಷಿಯಾಕ್ಕೆ ಬರಲು ಒಂದೇ ರಸ್ತೆ. ಅದು ಬೆಟ್ಟದ ಹೊಟ್ಟೆ ಕೊರೆದು 1980ರ ದಶಕದಲ್ಲಿ ಮಾಡಿದ ರೋಕಿ ಸುರಂಗದ ಮೂಲಕ ಬರುತ್ತದೆ. ಮೂರೂವರೆ ಕಿಲೋಮೀಟರಿಗಿಂತ ಉದ್ದ, ಸಮುದ್ರ ಮಟ್ಟದಿಂದ ಸುಮಾರು 2,000 ಮೀಟರ್ ಎತ್ತರ. ಅಲ್ಲಿಂದ ರಾಜಧಾನಿ ತ್ಸ್ಖಿನ್ವಾಲಿಗೆ ಇಳಿಯುವ ಮುಖ್ಯ ರಸ್ತೆ ಕೆಖ್ವಿ, ಕುರ್ತಾ, ಅಚಬೇತಿ, ತಮರಶೇನಿ ಅನ್ನುವ ಜಾರ್ಜಿಯನ್ ಹಳ್ಳಿಗಳ ನಡುವೆ ಹೋಗುತ್ತಿತ್ತು. ಒಸ್ಸೆಟಿಯನ್ನರು ಅದನ್ನು ತಪ್ಪಿಸಿ ಜಾರಾ ಎಂಬ ಊರಿನ ಕಡೆಯಿಂದ ಬೇರೆ ರಸ್ತೆ ಬಳಸುತ್ತಿದ್ದರು. ಒಂದೇ ಕಣಿವೆಯಲ್ಲಿ ಒಂದು ಊರು ಇವರದ್ದು, ಪಕ್ಕದ್ದು ಅವರದ್ದು. ಈ ಹೆಣಿಗೆಯನ್ನು ಫಿರಂಗಿಯಿಂದ ಬಿಡಿಸಲು ಆಗುವುದಿಲ್ಲ.

ಆಗಸ್ಟ್ 7ರ ಸಂಜೆ ಸಾಕಾಶ್ವಿಲಿ ಟಿವಿಯಲ್ಲಿ ಏಕಪಕ್ಷೀಯ ಕದನ ವಿರಾಮ ಘೋಷಿಸಿದರು. ರಾತ್ರಿ 11.35ಕ್ಕೆ ಅವರದೇ ಸೈನ್ಯ ತ್ಸ್ಖಿನ್ವಾಲಿಯ ಮೇಲೆ ಗ್ರಾಡ್ ರಾಕೆಟ್, ಫಿರಂಗಿ ಹಾರಿಸತೊಡಗಿತು. ಗ್ರಾಡ್ ಗುರಿ ಇಟ್ಟು ಹೊಡೆಯುವ ಆಯುಧವಲ್ಲ, ಒಂದು ಇಡೀ ಪ್ರದೇಶದ ಮೇಲೆ ಸುರಿಯುವಂಥದ್ದು. ಜನ ಮಲಗಿದ್ದ ಊರಿನ ಮೇಲೆ ಅದನ್ನು ಬಳಸಿದ್ದನ್ನು ನಾನು ಯಾವ ಕಾರಣಕ್ಕೂ ಸಮರ್ಥಿಸಲಾರೆ. ಜನ ನೆಲಮಾಳಿಗೆಗಳಲ್ಲಿ ರಾತ್ರಿ ಕಳೆದರು. ರಷ್ಯಾದ ಶಾಂತಿಪಾಲಕ ಸೈನಿಕರೂ ಸತ್ತರು. ಅದಕ್ಕೆ ಮೊದಲೇ ರಷ್ಯಾದ ಟ್ಯಾಂಕುಗಳು ಸುರಂಗ ದಾಟಿ ಬರುತ್ತಿದ್ದವು, ಅದಕ್ಕೇ ಹೊಡೆದೆವು ಅಂತ ಜಾರ್ಜಿಯಾ ಹೇಳಿತು. ಆ ಹೊತ್ತಿಗೆ ದೊಡ್ಡ ಮಟ್ಟದ ರಷ್ಯನ್ ದಾಳಿ ಶುರುವಾಗಿತ್ತು ಅನ್ನುವುದಕ್ಕೆ ಸಾಕಷ್ಟು ಪುರಾವೆ ಸಿಗಲಿಲ್ಲ.

ಮರುದಿನ ಬೀಜಿಂಗ್ ಒಲಿಂಪಿಕ್ಸ್ ಉದ್ಘಾಟನೆ. ಆಗ ಪ್ರಧಾನಿಯಾಗಿದ್ದ ಪುಟಿನ್ ಬೀಜಿಂಗ್‌ನಲ್ಲಿದ್ದರು. ಅಧ್ಯಕ್ಷ ಮೆಡ್ವೆಡೆವ್ ಮಾಸ್ಕೋದಲ್ಲಿ ನಿಂತು, ರಷ್ಯಾದ ಪ್ರಜೆಗಳು ಎಲ್ಲೇ ಇರಲಿ ಅವರನ್ನು ಕಾಪಾಡುವುದು ತನ್ನ ಕರ್ತವ್ಯ ಅಂದರು. 58ನೇ ಸೇನೆ ಸುರಂಗದಿಂದ ಇಳಿಯಿತು. ಜಾರ್ಜಿಯಾದ ಒಳ್ಳೆಯ ತರಬೇತಿ ಪಡೆದ ಸೈನಿಕರಲ್ಲಿ ಸುಮಾರು 2,000 ಜನ ಆಗ ಇರಾಕ್‌ನಲ್ಲಿದ್ದರು. ಅಮೆರಿಕ ಅವರನ್ನು ವಿಮಾನದಲ್ಲಿ ವಾಪಸ್ ತರುವಷ್ಟರಲ್ಲಿ ಸೋಲು ಗೊತ್ತಾಗಿತ್ತು.

ರಷ್ಯಾ ತ್ಸ್ಖಿನ್ವಾಲಿಯನ್ನು ಬಿಡಿಸಿ ನಿಂತಿದ್ದರೆ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಬೇರೆ ಇರುತ್ತಿತ್ತು. ಅದು ನಿಲ್ಲಲಿಲ್ಲ. ಆ ರಾತ್ರಿಯ ದಾಳಿಗೆ ಸಂಬಂಧವೇ ಇಲ್ಲದ ಅಬ್ಖಾಜಿಯಾದಿಂದ ಎರಡನೇ ಕಡೆ ನುಗ್ಗಿತು. ಪೋತಿ ಬಂದರು, ಸೆನಾಕಿ, ಜುಗ್ದಿದಿ, ಗೋರಿ ಹಿಡಿಯಿತು. ಆಗಸ್ಟ್ 12ರಂದು ಗೋರಿಯ ಚೌಕದ ಮೇಲೆ ಬಾಂಬು ಬಿದ್ದು ಜನ ಸತ್ತರು. ಸತ್ತವರಲ್ಲಿ ಒಬ್ಬ ಡಚ್ ಟಿವಿ ಕ್ಯಾಮೆರಾಮನ್ ಕೂಡ ಇದ್ದ. ರಷ್ಯಾದ ಸೈನಿಕರು ಟಿಬಿಲಿಸಿಯಿಂದ 50 ಕಿಲೋಮೀಟರಿಗಿಂತ ಹತ್ತಿರ ಬಂದು ನಿಂತರು.

ಮತ್ತೆ ಆ ಹಳ್ಳಿಗಳು. ಕೆಖ್ವಿ, ಕುರ್ತಾ, ಅಚಬೇತಿ, ತಮರಶೇನಿ. ಜಾರ್ಜಿಯನ್ ಸೈನ್ಯ ಹಿಂದೆ ಸರಿದ ಮೇಲೆ ಒಸ್ಸೆಟಿಯನ್ ಗುಂಪುಗಳು ಇವನ್ನು ಲೂಟಿ ಮಾಡಿ ಒಂದೊಂದೇ ಮನೆಗೆ ಬೆಂಕಿ ಇಟ್ಟವು. ಅದು ಗುಂಡಿನ ಚಕಮಕಿಯಲ್ಲಿ ಹತ್ತಿಕೊಂಡ ಬೆಂಕಿಯಲ್ಲ. ಕದನ ವಿರಾಮದ ನಂತರವೂ ನಡೆಯಿತು. ಉಪಗ್ರಹದ ಚಿತ್ರಗಳಲ್ಲಿ ಚಾವಣಿ ಇಲ್ಲದ ಮನೆಗಳ ಸಾಲು ಕಾಣುತ್ತದೆ. ಆ ನೆಲ ಆಗ ರಷ್ಯಾ ಸೈನ್ಯದ ಕೈಯಲ್ಲಿತ್ತು. ಅದು ತಡೆಯಬಹುದಿತ್ತು, ತಡೆಯಲಿಲ್ಲ. ಜನರನ್ನು ಉಳಿಸಲು ಬಂದೆ ಅನ್ನುವವನು ಪಕ್ಕದ ಊರು ಉರಿಯುವಾಗ ನೋಡುತ್ತಾ ನಿಂತ ಅನ್ನುವುದು ನನಗೆ ಇಡೀ ಯುದ್ಧದಲ್ಲಿ ಅತಿ ಹೆಚ್ಚು ನೋವು ಕೊಡುವ ಸಂಗತಿ.

ಆಗ ಯುರೋಪಿಯನ್ ಒಕ್ಕೂಟದ ಅಧ್ಯಕ್ಷತೆ ಫ್ರಾನ್ಸಿನದ್ದು. ಫ್ರಾನ್ಸಿನ ಅಧ್ಯಕ್ಷ ಸಾರ್ಕೋಜಿ ಓಡಾಡಿ ಆರು ಅಂಶಗಳ ಒಪ್ಪಂದ ಮಾಡಿಸಿದರು. ಯುದ್ಧಕ್ಕೆ ಮೊದಲು ಇದ್ದ ಜಾಗಕ್ಕೆ ರಷ್ಯಾದ ಸೈನ್ಯ ವಾಪಸ್ ಹೋಗಬೇಕು ಅಂತ ಅದರಲ್ಲಿತ್ತು. ಇವತ್ತಿಗೂ ಹೋಗಿಲ್ಲ. ಆಗಸ್ಟ್ 26ರಂದು ರಷ್ಯಾ ಎರಡನ್ನೂ ಸ್ವತಂತ್ರ ದೇಶ ಅಂತ ಒಪ್ಪಿಕೊಂಡಿತು.

ಮುಂದಿನ ವರ್ಷ ಸ್ವಿಟ್ಜರ್ಲೆಂಡಿನ ರಾಯಭಾರಿ ಹೈಡಿ ತಾಗ್ಲಿಯಾವಿನಿ ನೇತೃತ್ವದಲ್ಲಿ ಯುರೋಪಿಯನ್ ಒಕ್ಕೂಟದ ತನಿಖಾ ವರದಿ ಬಂತು. ನೀವು ಓದಿದ "ಜಾರ್ಜಿಯಾ ಶುರು ಮಾಡಿತು" ಅನ್ನುವ ಮಾತು ಬಹಳ ಮಟ್ಟಿಗೆ ಅಲ್ಲಿಂದ ಹೊರಟಿದ್ದು. ಆದರೆ ಜನ ಆ ವರದಿಯ ಒಂದು ಪುಟ ಓದಿ ಮಿಕ್ಕಿದ್ದನ್ನು ಬಿಡುತ್ತಾರೆ. ತ್ಸ್ಖಿನ್ವಾಲಿ ಮೇಲಿನ ದಾಳಿಗೆ ಕಾನೂನಿನ ಸಮರ್ಥನೆ ಇಲ್ಲ ಅಂತ ಅದು ಹೇಳಿತು. ತನ್ನ ಶಾಂತಿಪಾಲಕರನ್ನು ಕಾಪಾಡಿಕೊಳ್ಳುವ ಮಟ್ಟಿಗೆ ರಷ್ಯಾದ ಮೊದಲ ಹೆಜ್ಜೆ ಸರಿ, ಅದಕ್ಕಿಂತ ಮುಂದೆ ಹೋಗಿದ್ದು ಮಿತಿ ಮೀರಿದ್ದು ಅಂತಲೂ ಹೇಳಿತು. ಆ ಸಾಮೂಹಿಕ ಪಾಸ್‌ಪೋರ್ಟ್‌ಗಳಿಗೆ ಅಂತರರಾಷ್ಟ್ರೀಯ ಕಾನೂನಿನಲ್ಲಿ ಬೆಲೆ ಇಲ್ಲ, ಒಸ್ಸೆಟಿಯನ್ನರ ನರಮೇಧ ನಡೆಯಿತು ಅನ್ನುವುದಕ್ಕೆ ಆಧಾರವಿಲ್ಲ, ಜಾರ್ಜಿಯನ್ನರನ್ನು ಹಳ್ಳಿಗಳಿಂದ ಜನಾಂಗದ ಕಾರಣಕ್ಕೆ ಓಡಿಸಲಾಯಿತು, ಇವೂ ಅದರಲ್ಲಿವೆ. ಯುದ್ಧದ ದಿನಗಳಲ್ಲಿ ತ್ಸ್ಖಿನ್ವಾಲಿಯಲ್ಲಿ 2,000 ಜನ ಸತ್ತರು ಅನ್ನುವ ಸುದ್ದಿ ಮಾಸ್ಕೋದಿಂದ ಹಬ್ಬಿತ್ತು. ಆಮೇಲೆ ರಷ್ಯಾದ ತನಿಖಾ ಸಂಸ್ಥೆಯೇ ದಕ್ಷಿಣ ಒಸ್ಸೇಷಿಯಾದಲ್ಲಿ ಸತ್ತ ನಾಗರಿಕರು 162 ಅಂದಿತು. ಎಲ್ಲ ಕಡೆಯವರನ್ನೂ ಸೇರಿಸಿ ವರದಿ ಕೊಟ್ಟ ಲೆಕ್ಕ ಸುಮಾರು 850 ಸಾವು. ಮನೆ ಬಿಟ್ಟವರು ಒಂದು ಲಕ್ಷಕ್ಕೂ ಜಾಸ್ತಿ. 2021ರಲ್ಲಿ ಯುರೋಪಿನ ಮಾನವ ಹಕ್ಕು ನ್ಯಾಯಾಲಯವೂ ಆಗಸ್ಟ್ 12ರ ನಂತರ ಆ ಪ್ರದೇಶಗಳು ರಷ್ಯಾದ ಹಿಡಿತದಲ್ಲಿದ್ದವು, ಅಲ್ಲಿ ನಡೆದದ್ದಕ್ಕೆ ರಷ್ಯಾ ಹೊಣೆ ಅಂತ ತೀರ್ಪು ಕೊಟ್ಟಿತು.

ಈಗ ನಿಮ್ಮ ಎರಡನೇ ಪ್ರಶ್ನೆ. ಬೇರೆ ಆಗ್ತೀವಿ ಅನ್ನುವವರಿಗೆ ಸಹಾಯ ಮಾಡಿದರೆ ತಪ್ಪೇನು? ಇದು ಒಳ್ಳೆಯ ಪ್ರಶ್ನೆ, ಸುಮ್ನೆ ತಳ್ಳಿಹಾಕುವಂಥದ್ದಲ್ಲ. ತಮ್ಮ ಭವಿಷ್ಯ ತಾವೇ ತೀರ್ಮಾನಿಸುವ ಹಕ್ಕು ಜನರಿಗೆ ಇದೆ ಅಂತ ವಿಶ್ವಸಂಸ್ಥೆಯ ಸನ್ನದೇ ಹೇಳುತ್ತದೆ. ಇನ್ನೊಂದು ದೇಶದ ನೆಲದ ಮೇಲೆ ಬಲ ಬಳಸಬೇಡಿ ಅಂತಲೂ ಅದೇ ಸನ್ನದು ಹೇಳುತ್ತದೆ. ಎರಡರ ನಡುವೆ ಎಲ್ಲಿ ನಿಲ್ಲಬೇಕು? ನಾನು ಮೊದಲು ಕೇಳುವುದು, "ಜನ" ಅಂದರೆ ಯಾರು ಅಂತ. ಅಬ್ಖಾಜಿಯಾದ ಅರ್ಧದಷ್ಟು ಜನ ಊರು ಬಿಟ್ಟು ಓಡಿದ ಮೇಲೆ ಉಳಿದವರ ಮತ ಎಣಿಸಿ ಇದು ಜನರ ತೀರ್ಮಾನ ಅಂದರೆ, ಟಿಬಿಲಿಸಿಯ ಆ ಮನೆಯಲ್ಲಿರುವ ತಾಯಿ ಯಾವ ಜನ? ಆಮೇಲೆ, ಸಹಾಯಕ್ಕೆ ಬಂದವರು ಕೆಲಸ ಮುಗಿಸಿ ಹೊರಟರಾ ಅಂತ ಕೇಳುತ್ತೇನೆ. ಅಬ್ಖಾಜಿಯಾದ ಗುದೌತಾದಲ್ಲಿ, ತ್ಸ್ಖಿನ್ವಾಲಿಯಲ್ಲಿ ರಷ್ಯಾ ಕಾಯಂ ಸೈನಿಕ ನೆಲೆ ಕಟ್ಟಿಕೊಂಡಿದೆ. 2009ರಲ್ಲಿ ಅಬ್ಖಾಜಿಯಾದಲ್ಲಿದ್ದ ವಿಶ್ವಸಂಸ್ಥೆಯ ವೀಕ್ಷಕರ ತಂಡ ಮುಂದುವರಿಯದಂತೆ ವೀಟೊ ಹಾಕಿದ್ದೂ ರಷ್ಯಾವೇ. ಯುರೋಪಿಯನ್ ಒಕ್ಕೂಟದ ವೀಕ್ಷಕರು 2008ರಿಂದ ಇದ್ದಾರೆ, ಆದರೆ ಗೆರೆಯ ಈಚೆ, ಜಾರ್ಜಿಯಾದ ಕೈಯಲ್ಲಿರುವ ಕಡೆ ಮಾತ್ರ.

ಕೊಸೊವೊ ಒಪ್ಪಿದವರು ಇದನ್ನು ಯಾಕೆ ಒಪ್ಪಲ್ಲ ಅಂತ ರಷ್ಯಾ ಕೇಳಿದ್ದರಲ್ಲಿ ತೂಕವಿದೆ. ಕೊಸೊವೊದಲ್ಲಿ ಒಂಬತ್ತು ವರ್ಷ ವಿಶ್ವಸಂಸ್ಥೆಯ ಆಡಳಿತ ಇತ್ತು, ಇಲ್ಲಿ ಒಂದೇ ದೇಶ ಎಲ್ಲ ಮಾಡಿತು ಅನ್ನುವ ವ್ಯತ್ಯಾಸ ಇದ್ದರೂ, ಪಶ್ಚಿಮದ ದೇಶಗಳು ತಮಗೆ ಬೇಕಾದ ಕಡೆ ಬಾಗಿಲು ತೆರೆದವು ಅನ್ನುವುದು ಸುಳ್ಳಲ್ಲ. ಭಾರತ ಕೊಸೊವೊವನ್ನೂ ಒಪ್ಪಿಲ್ಲ, ಅಬ್ಖಾಜಿಯಾ, ದಕ್ಷಿಣ ಒಸ್ಸೇಷಿಯಾವನ್ನೂ ಒಪ್ಪಿಲ್ಲ. ಈ ವಿಷಯದಲ್ಲಿ ನಮ್ಮ ನಿಲುವು ಒಂದೇ ಅಳತೆಯದ್ದು ಅಂತ ನನಗೆ ಅನಿಸುತ್ತದೆ. ರಷ್ಯಾವನ್ನು ಬಿಟ್ಟರೆ ಇವನ್ನು ಒಪ್ಪಿ ಉಳಿದವು ನಿಕರಾಗುವಾ, ವೆನೆಜುವೆಲಾ, ನೌರು ಮತ್ತು ಅಸ್ಸಾದ್ ಕಾಲದ ಸಿರಿಯಾ. ವನುವಾಟು ಅಬ್ಖಾಜಿಯಾವನ್ನು, ಟುವಾಲು ಎರಡನ್ನೂ ಒಪ್ಪಿ ಆಮೇಲೆ ಹಿಂತೆಗೆದವು.

ಅಬ್ಖಾಜರೂ ಒಸ್ಸೆಟಿಯನ್ನರೂ ಬಯಸುವುದು ಒಂದೇ ಅಲ್ಲ. ದಕ್ಷಿಣ ಒಸ್ಸೇಷಿಯಾದ ನಾಯಕರು ರಷ್ಯಾದೊಳಗೆ ಸೇರುವ ಮಾತು ಪದೇ ಪದೇ ಎತ್ತಿದ್ದಾರೆ. 2022ರಲ್ಲಿ ಜನಮತಕ್ಕೆ ದಿನಾಂಕವನ್ನೂ ಇಟ್ಟು, ಆಮೇಲೆ ನಿಲ್ಲಿಸಿದರು. ಬೆಟ್ಟದ ಆಚೆ ತಮ್ಮವರೇ ಇರುವುದರಿಂದ ಆ ಆಸೆ ಅರ್ಥವಾಗುತ್ತದೆ. ಅಬ್ಖಾಜರು ಹಾಗಲ್ಲ. ಅವರಿಗೆ ರಷ್ಯಾದ ಬಗ್ಗೆಯೂ ಹಳೇ ಗಾಯ ಇದೆ. 19ನೇ ಶತಮಾನದಲ್ಲಿ ಜಾರ್ ದೊರೆಗಳ ಸೈನ್ಯ ಅವರ ಪೂರ್ವಿಕರಲ್ಲಿ ಬಹಳ ಜನರನ್ನು ಸಮುದ್ರದ ಆಚೆ ಒಟ್ಟೊಮನ್ ನಾಡಿಗೆ ಓಡಿಸಿತ್ತು. 2024ರ ನವೆಂಬರ್‌ನಲ್ಲಿ ರಷ್ಯಾದ ಹೂಡಿಕೆದಾರರಿಗೆ ಅನುಕೂಲ ಮಾಡುವ ಒಪ್ಪಂದವನ್ನು ವಿರೋಧಿಸಿ ಸುಖುಮಿಯ ಜನ ಸಂಸತ್ತಿನ ಆವರಣಕ್ಕೇ ನುಗ್ಗಿದರು. ಅಧ್ಯಕ್ಷ ಅಸ್ಲಾನ್ ಬ್ಜಾನಿಯಾ ರಾಜೀನಾಮೆ ಕೊಡಬೇಕಾಯಿತು. ಬಜೆಟ್ಟಿಗೆ ರಷ್ಯಾದ ಹಣ ಬೇಕು, ಆದರೆ ಸಮುದ್ರದ ದಡದ ನೆಲ ರಷ್ಯನ್ನರ ಕೈಗೆ ಹೋಗಬಾರದು. ಎಷ್ಟು ಇಕ್ಕಟ್ಟಿನ ಬದುಕು ನೋಡಿ.

ಗೆರೆಯ ಅಂಚಿನ ಹಳ್ಳಿಗಳ ಪಾಡು ಇನ್ನೂ ಕಷ್ಟ. ಅಲ್ಲಿ ರಷ್ಯಾದ ಗಡಿ ಕಾವಲಿನವರು ತಂತಿಬೇಲಿ, ಹಸಿರು ಫಲಕ ಹಾಕುತ್ತಾ ಬಂದಿದ್ದಾರೆ. ಒಂದು ಬೆಳಿಗ್ಗೆ ಎದ್ದರೆ ಸೇಬಿನ ತೋಟ ಆಚೆ, ಮನೆ ಈಚೆ. ಖುರ್ವಲೇತಿ ಊರನ್ನು ಬೇಲಿ ಎರಡಾಗಿ ಸೀಳಿದೆ. 2015ರಲ್ಲಿ ಒರ್ಚೊಸಾನಿ ಬಳಿ ಫಲಕ ಮುಂದೆ ಸರಿದಾಗ ಬಾಕು-ಸುಪ್ಸಾ ತೈಲ ಕೊಳವೆಯ ಒಂದೂವರೆ ಕಿಲೋಮೀಟರಿನಷ್ಟು ಭಾಗವೂ ಆಚೆ ಹೋಯಿತು. ದೇಶದ ಪೂರ್ವ-ಪಶ್ಚಿಮ ಹೆದ್ದಾರಿಯಿಂದ ಆ ಜಾಗ ಅರ್ಧ ಕಿಲೋಮೀಟರ್ ಆಸುಪಾಸು. ಗೆರೆ ದಾಟಿದರು ಅಂತ ದನ ಕಾಯುವವರನ್ನೂ ಹಿಡಿದೊಯ್ದು ಕೂಡಿಹಾಕುತ್ತಾರೆ. 2023ರ ನವೆಂಬರ್‌ನಲ್ಲಿ ಕಿರ್ಬಾಲಿ ಊರಿನ ಹತ್ತಿರ, ಪ್ರಾರ್ಥನೆಗೆ ಚರ್ಚಿಗೆ ಹೋಗಿದ್ದ ಜಾರ್ಜಿಯನ್ ಒಬ್ಬನನ್ನು ಗುಂಡಿಟ್ಟು ಕೊಂದರು.

ಮಗಳ ವಿಷಯಕ್ಕೆ ಬರುತ್ತೇನೆ. ಅವಳು ಟಿಬಿಲಿಸಿಯಲ್ಲಿ ಕಾಲೇಜಿಗೆ ಹೋಗಿ ಬರುವುದಕ್ಕೆ ನೀವು ಈ ಕಾರಣದಿಂದ ನಿದ್ದೆಗೆಡಬೇಕಿಲ್ಲ. 2008ರ ನಂತರ ಅಲ್ಲಿ ಯುದ್ಧ ಆಗಿಲ್ಲ. ಆದರೆ ಕೆಲವು ಮಾತು ಅವಳಿಗೆ ಹೇಳಿ. ಅಬ್ಖಾಜಿಯಾದ ಕಡಲತೀರ ಚೆನ್ನಾಗಿದೆ, ರಷ್ಯಾದ ಸೋಚಿ ಕಡೆಯಿಂದ ಸುಲಭವಾಗಿ ಹೋಗಿಬರಬಹುದು ಅಂತ ಯಾರಾದರೂ ಗೆಳೆಯರು ಕರೆದರೆ ಹೋಗಬಾರದು. ಹಾಗೆ ಒಳಗೆ ಹೋಗುವುದು ಜಾರ್ಜಿಯಾದ 2008ರ ಕಾನೂನಿನ ಪ್ರಕಾರ ಅಪರಾಧ. ವಿದ್ಯಾರ್ಥಿ ವೀಸಾದ ಮೇಲೆ ಇರುವವಳಿಗೆ ಅದು ದೊಡ್ಡ ತೊಂದರೆ. ಗೋರಿ ಕಡೆ ಸ್ಟಾಲಿನ್ ಹುಟ್ಟಿದ ಮನೆ ನೋಡಲು ಎಲ್ಲರೂ ಹೋಗುತ್ತಾರೆ, ಹೋಗಲಿ. ಅಲ್ಲಿಂದ ಬೇಲಿ ನೋಡೋಣ ಅಂತ ಹಳ್ಳಿಗಳ ಕಡೆ ತಿರುಗುವುದು ಬೇಡ. ದಾರಿಯಲ್ಲಿ ಮ್ತ್ಸ್ಖೇತಾ ದಾಟಿದ ಮೇಲೆ ಹೆದ್ದಾರಿಯ ಪಕ್ಕ ಒಂದೇ ಥರದ ಪುಟ್ಟ ಪುಟ್ಟ ಮನೆಗಳ ಉದ್ದ ಸಾಲುಗಳು ಕಾಣುತ್ತವೆ. ಅದು ತ್ಸೆರೊವಾನಿ. 2008ರ ಯುದ್ಧದಲ್ಲಿ ಊರು ಕಳೆದುಕೊಂಡವರಿಗೆ ಕಟ್ಟಿಕೊಟ್ಟ ಸುಮಾರು 2,000 ಮನೆಗಳು.

ಇನ್ನೊಂದು ಜಾಗದ ಹೆಸರು ಹೇಳುತ್ತೇನೆ, ಬೇಸಿಗೆ ರಜೆಯಲ್ಲಿ ಪಶ್ಚಿಮಕ್ಕೆ ಹೋದರೆ ನೋಡಲಿ. ಎಂಗುರಿ ಅಣೆಕಟ್ಟು. 271.5 ಮೀಟರ್ ಎತ್ತರ. ಅಣೆಕಟ್ಟು ಜಾರ್ಜಿಯಾದ ಕೈಯಲ್ಲಿರುವ ನೆಲದಲ್ಲಿದೆ. ಅದರ ನೀರು ಸುರಂಗದಲ್ಲಿ ಹರಿದು ಹೋಗಿ ವಿದ್ಯುತ್ ಆಗುವ ಘಟಕ ಅಬ್ಖಾಜಿಯಾದೊಳಗಿದೆ. ನೀರು ಒಬ್ಬರ ಹತ್ತಿರ, ಯಂತ್ರ ಇನ್ನೊಬ್ಬರ ಹತ್ತಿರ. 1990ರ ದಶಕದಿಂದಲೂ ಎರಡೂ ಕಡೆಯ ಎಂಜಿನಿಯರುಗಳು ಮಾತಾಡಿಕೊಂಡೇ ಅದನ್ನು ನಡೆಸುತ್ತಿದ್ದಾರೆ. ಯುದ್ಧದ ಆ ಆಗಸ್ಟ್ ಆದ ಮೇಲೂ ಕರೆಂಟು ಎರಡೂ ಕಡೆ ಹೋಗುತ್ತಿದೆ. ಅಣೆಕಟ್ಟು ನೋಡಿ ಜುಗ್ದಿದಿಗೆ ಬಂದರೆ ಅಲ್ಲಿಂದ ಎಂಗುರಿ ನದಿಯ ಸೇತುವೆ ಹತ್ತಿರ. ವಯಸ್ಸಾದವರು ಚೀಲ ಹಿಡಿದು, ಪಿಂಚಣಿಗೋ ಔಷಧಿಗೋ ಅದರ ಮೇಲೆ ನಡೆದು ಬರುವುದು ಕಾಣುತ್ತದೆ. ಈಚೆ ದಡದಲ್ಲೇ ನಿಲ್ಲು, ಸೇತುವೆ ಕಡೆ ಕ್ಯಾಮೆರಾ ತಿರುಗಿಸಬೇಡ ಅಂತ ಮಗಳಿಗೆ ಹೇಳಿ.